ಕಲ್ಲೇಶನ ಪಾಳಿ

ನನ್ನ ಹತ್ತಿರ ಒಂದು ರೇಡಿಯೋ ಇದೆ. ರೇಡಿಯೋ ಎಂದ ಕೂಡಲೇ ನೀವು ಚಿತ್ರಗೀತೆ, ಪ್ರದೇಶ ಸಮಾಚಾರ ಎಂದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಇದು ಆ ಜಾತಿಯದಲ್ಲ. ಏಳು ಕಿಲೋ ತೂಕದ ಜಪಾನಿ ಪೆಟ್ಟಿಗೆ. ಮುಖದ ತುಂಬ ಗುಂಡಿಗಳು, ನಾಲ್ಕು ತಿರುಗಣಿ, ಎಡಗಡೆ ಒಂದು ಸೂಜಿಯ ಮೀಟರು. ಗಾಳಿಯಲ್ಲಿ ಯಾವ ದನಿ ಹಾರಿದರೂ ಹಿಡಿಯುತ್ತದೆ. ಧಾರವಾಡ ಆಕಾಶವಾಣಿಯಿಂದ ಸಮುದ್ರದಾಚೆಯ ಶಾರ್ಟ್‌ವೇವ್ ಕೇಂದ್ರಗಳವರೆಗೆ, ಹವ್ಯಾಸಿ ರೇಡಿಯೋದವರ ಹರಟೆಯವರೆಗೆ ಎಲ್ಲ ಇದರೊಳಗೆ ಬರುತ್ತದೆ. ವೈಡ್‌ಬ್ಯಾಂಡ್ ರಿಸೀವರ್ ಎಂದು ಇದರ ಹೆಸರು. ನನ್ನ ಹೆಂಡತಿ ದಾಕ್ಷಾಯಿಣಿ ಇಟ್ಟ ಹೆಸರು ಒಗ್ಗರಣಿ ಡಬ್ಬಿ.

ಗುಣ ಹೇಳಿದ ಮೇಲೆ ಅವಗುಣವನ್ನೂ ಹೇಳಬೇಕು. ಕಿವಿ ದೊಡ್ಡದಾದ್ದರಿಂದ ಇದಕ್ಕೆ ಎಲ್ಲವೂ ಬೇಕು. ಹತ್ತಿರದ ಬಲವಾದ ಕೇಂದ್ರ ಶುರುವಾಯಿತೆಂದರೆ ಪಕ್ಕದ ಸಣ್ಣ ದನಿಗಳನ್ನೆಲ್ಲ ಮುಳುಗಿಸಿಬಿಡುತ್ತದೆ. ಒಂದೇ ಕೇಂದ್ರವನ್ನು ಎರಡು ಕಡೆ ತೋರಿಸುತ್ತದೆ, ಒಂದು ಕಡೆ ಖರೆ, ಇನ್ನೊಂದು ಕಡೆ ಸುಳ್ಳು. ಹೊಸಬರು ಸುಳ್ಳಿನ ಕಡೆಯೇ ಕುಳಿತು ಖುಷಿಪಡುತ್ತಾರೆ. ಒಳಗಿನ ಸಣ್ಣ ಸೆಲ್ಲು ಸತ್ತರೆ ನೆನಪಿಟ್ಟ ನೂರು ಕೇಂದ್ರಗಳನ್ನೂ ಮರೆಯುತ್ತದೆ. ಎದುರಿನ ಬಟ್ಟೆ ಅಂಗಡಿಯವ ಹೊಸ ಎಲ್‌ಇಡಿ ದೀಪ ಹಾಕಿದ ದಿನ ನಾನು ಹೋಗಿ ಜಗಳ ಮಾಡಿ ಬಂದಿದ್ದೆ, ಯಾಕೆಂದರೆ ಆ ದೀಪ ನನ್ನ ರೇಡಿಯೋದೊಳಗೆ ಗುಂಯ್ ಎನ್ನುತ್ತಿತ್ತು. ಅವನಿಗೆ ನನ್ನ ಮಾತು ಕಡೆತನಕ ಅರ್ಥವಾಗಲಿಲ್ಲ.

ಇನ್ನು ಒಗ್ಗರಣೆಯ ವಿಷಯ. ಹವ್ಯಾಸಿಗಳು ಮಾತಾಡುವ ಜಾಗಕ್ಕೆ ತಿರುಗಿಸಿ ಇಟ್ಟರೆ, ಯಾರೂ ಇಲ್ಲದಾಗ ಈ ಪೆಟ್ಟಿಗೆ ಸ್ಸ್ ಎಂದು ಒಂದೇ ಸಮ ಸಪ್ಪಳ ಮಾಡುತ್ತದೆ. ಕಾದ ಎಣ್ಣೆಗೆ ಸಾಸಿವೆ, ಕರಿಬೇವು ಬಿದ್ದ ಹಾಗೆ. ಆ ಸಪ್ಪಳವನ್ನು ಮುಚ್ಚಲು ಒಂದು ತಿರುಗಣಿ ಇದೆ. ಎಲ್ಲರೂ ಅದನ್ನು ತಿರುಗಿಸಿ ಮುಚ್ಚಿಡುತ್ತಾರೆ, ನಾನು ಮುಚ್ಚುವುದಿಲ್ಲ. ಯಾಕೆಂದರೆ, ಆಚೆ ಒಬ್ಬ ಮನುಷ್ಯ ತನ್ನ ಸೆಟ್ಟಿನ ಮೈಕಿನ ಗುಂಡಿ ಒತ್ತಿದರೆ ಸಾಕು, ಅವನು ಬಾಯಿ ಬಿಡುವ ಮೊದಲೇ ಈ ಸಪ್ಪಳ ಥಟ್ಟನೆ ನಿಲ್ಲುತ್ತದೆ ಮತ್ತು ಸೂಜಿ ಏಳುತ್ತದೆ. ಆ ಅರೆಗಳಿಗೆಯ ಮೌನವೆಂದರೆ ನನಗೆ ಪ್ರಾಣ. ಯಾರೋ ಬಂದಿದ್ದಾನೆ, ಇನ್ನೇನು ಮಾತಾಡುತ್ತಾನೆ ಎಂದು ಅದರ ಅರ್ಥ.

ಎಲ್ಲಕ್ಕಿಂತ ದೊಡ್ಡ ಐಬೆಂದರೆ ಇದಕ್ಕೆ ಬಾಯಿ ಇಲ್ಲ. ಜಗತ್ತನ್ನೆಲ್ಲ ಕೇಳುತ್ತದೆ, ಒಬ್ಬನಿಗೂ ಓ ಎನ್ನಲು ಬರುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅಂಥದ್ದೇ. ಶಾರ್ಟ್‌ವೇವ್ ಕೇಳಲಿಕ್ಕೆ ಕೊಂಡೆ ಎಂದು ಹನ್ನೊಂದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಸುಳ್ಳು. ಮಾತು ಬಿಟ್ಟ ತಮ್ಮನ ದನಿ ಕೇಳಲಿಕ್ಕೆ ಕೊಂಡೆ.

ನನ್ನ ತಮ್ಮ ಕಲ್ಲೇಶ. ನನಗಿಂತ ಆರು ವರ್ಷಕ್ಕೆ ಸಣ್ಣವನು. ಉಪ್ಪಿನಬೆಟಗೇರಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಅಪ್ಪನಿಗೆ ನಾವು ಇಬ್ಬರೇ. ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ ತಾಮ್ರದ ತಂತಿ ಸುತ್ತಿ ಒಂದು ರೇಡಿಯೋ ಮಾಡಿದೆ. ಇದ್ದದ್ದು ಒಂದು ಹೆಡ್‌ಫೋನು. ಅದನ್ನು ಬಿಚ್ಚಿ ಒಂದು ಕಿವಿಯದು ನನಗೆ, ಒಂದು ಕಿವಿಯದು ಅವನಿಗೆ. ತಲೆಗೆ ತಲೆ ಹಚ್ಚಿ ಕೂಡುತ್ತಿದ್ದೆವು. ಅವನ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ನನಗೆ ಈಗಲೂ ರೇಡಿಯೋದ ವಾಸನೆಯೇ.

ಮುಂದೆ ನಾನು ಹುಬ್ಬಳ್ಳಿಗೆ ಬಂದು ದುರ್ಗದಬೈಲಿನಲ್ಲಿ ರಿಪೇರಿ ಅಂಗಡಿ ಹಾಕಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಕಲ್ಲೇಶ ಓದಿದ, ಧಾರವಾಡದ ಕಾಲೇಜೊಂದರಲ್ಲಿ ಲ್ಯಾಬಿನ ಕೆಲಸಕ್ಕೆ ಸೇರಿದ, ಸಪ್ತಾಪುರದಲ್ಲಿ ಮನೆ ಮಾಡಿದ. ಹವ್ಯಾಸಿ ರೇಡಿಯೋದ ಲೈಸೆನ್ಸ್ ಪರೀಕ್ಷೆಗೆ ಇಬ್ಬರೂ ಕೂಡಿಯೇ ಕುಳಿತೆವು. ಆ ಲೈಸೆನ್ಸ್ ಇದ್ದವರು ಮಾತ್ರ ಗಾಳಿಯಲ್ಲಿ ಮಾತಾಡಬಹುದು. ಅವನು ಪಾಸಾದ. ನಾನು ಯಂತ್ರದ ಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದು, ಕಾಯಿದೆಯ ಭಾಗದಲ್ಲಿ ಫೇಲಾದೆ. ಐವತ್ತು ದಾಟಿದ ಮನುಷ್ಯ, ಊರ ಮಂದಿಯ ರೇಡಿಯೋ ಎಲ್ಲ ಬಿಚ್ಚಿ ಜೋಡಿಸಿದವನು, ಕಾಯಿದೆಯಲ್ಲಿ ಫೇಲು. ಮತ್ತೆ ಕುಳಿತುಕೊಳ್ಳಲು ನನ್ನ ಸೊಕ್ಕು ಬಿಡಲಿಲ್ಲ.

ನನ್ನ ಮುಖ ಸಣ್ಣದಾದದ್ದು ಕಲ್ಲೇಶನಿಗೆ ನೋಡಲಾಗಲಿಲ್ಲ. ಒಂದು ಮುಂಜಾನೆ ತನ್ನ ಮನೆಗೆ ಕರೆದ. ದಿನವೂ ಏಳೂವರೆಗೆ ಹುಬ್ಬಳ್ಳಿ ಧಾರವಾಡದ ಹವ್ಯಾಸಿಗಳು ಗಾಳಿಯಲ್ಲಿ ಸೇರಿ ಹಾಜರಿ ಕೊಡುವ ಪದ್ಧತಿ ಇದೆ. ಒಬ್ಬ ಹಿರಿಯ ಹೆಸರು ಕರೆಯುತ್ತಾನೆ, ಒಬ್ಬೊಬ್ಬರೂ ತಮ್ಮ ಪಾಳಿ ಬಂದಾಗ ಓ ಎನ್ನುತ್ತಾರೆ, ಹವೆ ಹೇಗಿದೆ, ಮೈ ಹೇಗಿದೆ ಎಂದು ಹೇಳಿ ಮುಗಿಸುತ್ತಾರೆ. ಕಲ್ಲೇಶ ತನ್ನ ಪಾಳಿ ಮುಗಿಸಿ ಮೈಕನ್ನು ನನ್ನ ಕೈಗೆ ಕೊಟ್ಟ. "ಎರಡ ಮಾತ ಹೇಳ ಅಣ್ಣಾ" ಎಂದ. ನಾನು ಗುಂಡಿ ಒತ್ತಿ, "ಎಲ್ಲಾರಿಗೂ ಶರಣ್ರಿ, ನಾ ಫಕೀರಪ್ಪ ಮಾತಾಡಾಕತ್ತೇನಿ" ಎಂದೆ.

ಹೆಸರು ಕರೆಯುತ್ತಿದ್ದ ಹಿರಿಯ ಸಿಡಿದೆದ್ದ. ಲೈಸೆನ್ಸ್ ಇಲ್ಲದವರು ಯಾರದು, ನಿಮ್ಮ ಲೈಸೆನ್ಸೂ ಹೋಗಬೇಕೇನು ಎಂದ. ಕಲ್ಲೇಶ ಬೆವತ. ನನ್ನ ಕೈಯಿಂದ ಮೈಕು ಕಸಿದುಕೊಂಡು ಅಂದ, "ಯಾರೋ ನೋಡಾಕ ಬಂದವರ್ರಿ ಸರ್, ತಿಳೀದಽ ಗುಂಡಿ ಒತ್ತ್ಯಾರ. ತಪ್ಪಾತ್ರಿ."

ಯಾರೋ ನೋಡಲು ಬಂದವರು. ತಲೆಗೆ ತಲೆ ಹಚ್ಚಿ ಕುಳಿತ ಅಣ್ಣ ಯಾರೋ ಆದ. ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದೆ. ಅವನ ಹೆಂಡತಿ ಸುಕನ್ಯಾ ಅವಲಕ್ಕಿ ತಟ್ಟೆ ಹಿಡಿದುಕೊಂಡು ಬಾಗಿಲ ತನಕ ಬಂದಳು, "ಭಾವಾರ, ಒಂದ ತುತ್ತ ತಿಂದ ಹೋಗ್ರಿ" ಎಂದು. ನಾನು ಹಿಂದೆ ನೋಡಲಿಲ್ಲ. ಸಣ್ಣ ಮಾತು, ನನಗೂ ಗೊತ್ತು. ಆದರೆ ನನ್ನ ಸ್ವಭಾವ ಅಂಥದ್ದು, ಬೆಸುಗೆ ಹಾಕಿದ ಮೇಲೆ ತೆಗೆಯುವುದು ಕಷ್ಟ. ಅವನು ನಾಲ್ಕು ಸಲ ಬಂದ, ನಾನು ನಾಲ್ಕೂ ಸಲ ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ. ಐದನೆಯ ಸಲ ಅವನು ಬರಲಿಲ್ಲ. ಮದುವೆ ಮುಂಜಿಗಳಲ್ಲಿ ಅವನು ಆ ಪಂಕ್ತಿಗೆ ಕುಳಿತರೆ ನಾನು ಈ ಪಂಕ್ತಿಗೆ.

ಆರು ತಿಂಗಳಿಗೆ ಈ ಪೆಟ್ಟಿಗೆ ಮನೆಗೆ ಬಂತು. ಮಾಳಿಗೆಯ ಮೇಲೆ ಅಲ್ಯುಮಿನಿಯಂ ಕೊಳವೆಯ ಏರಿಯಲ್ ನಿಲ್ಲಿಸಿದೆ. ಅಂದಿನಿಂದ ದಿನಾ ಏಳೂವರೆಗೆ ಚಹಾ ಹಿಡಿದು ಕೂಡುತ್ತಿದ್ದೆ. ಅಷ್ಟರಲ್ಲಿ ಆ ಸಿಡುಕು ಹಿರಿಯ ತೀರಿಕೊಂಡಿದ್ದ, ಹೆಸರು ಕರೆಯುವ ಕೆಲಸ ಹಳೇ ಹುಬ್ಬಳ್ಳಿಯ ಮುಜಾಫರನ ಪಾಲಿಗೆ ಬಂದಿತ್ತು. ಮುಜಾಫರ ಒಳ್ಳೆಯ ಮನುಷ್ಯ, ನನ್ನ ಗಿರಾಕಿಯೂ ಹೌದು. "ಕಲ್ಲೇಶಪ್ಪಾರ, ಹಾಜರಿ ಕೊಡ್ರಿ" ಎಂದು ಅವನು ಕರೆದರೆ ಒಗ್ಗರಣೆ ಸಪ್ಪಳ ನಿಲ್ಲುತ್ತಿತ್ತು, ಸೂಜಿ ಎದ್ದು ಬಲಗಡೆಯ ಕೆಂಪು ಗೆರೆ ಮುಟ್ಟುತ್ತಿತ್ತು, ಆಮೇಲೆ ಅವನ ದನಿ. ಇಪ್ಪತ್ತು ಕಿಲೋಮೀಟರ್ ಆಚೆಯಿಂದ, ನಡುವೆ ಯಾರೂ ಇಲ್ಲದೆ, ನೇರ ನನ್ನ ಕಿವಿಗೆ.

ಉಳಿದವರು ಎರಡು ಮಾತಿನಲ್ಲಿ ಮುಗಿಸಿದರೆ ಇವನು ಬೇಡದ್ದನ್ನೆಲ್ಲ ಹೇಳುತ್ತಿದ್ದ. "ಇವತ್ತ ಶೀಗಿ ಹುಣ್ಣಿವಿ, ನಮ್ಮ ಮನ್ಯಾಗ ಅವ್ವ ಮಾಡತಿದ್ದಂಗ ಎಣ್ಣಿ ಹೋಳಿಗಿ ಮಾಡ್ಯಾರ." "ಊರಾನ ಹೊಲದಾಗ ಜ್ವಾಳ ಛಲೋ ಬಂದೈತಿ." "ನಿನ್ನೆ ಮೊಣಕಾಲ ಭಾಳ ನೂಸತಿತ್ತು, ಎಣ್ಣಿ ಹಚ್ಚಿ ತಿಕ್ಕಿದೆ, ಕಡಿಮಿ ಐತಿ." ಕಡೆಗೆ ಯಾವಾಗಲೂ ಒಂದೇ ಮಾತು, "ಬರೇ ಕೇಳವರು ಯಾರರೇ ಇದ್ರ, ಅವರಿಗೂ ಶರಣು." ನನಗೆ ರೇಗುತ್ತಿತ್ತು. ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಊರಿಗೆಲ್ಲ ಮೊಣಕಾಲು ತೋರಿಸುತ್ತಾನಲ್ಲ ಎಂದು ಬೈಯುತ್ತಿದ್ದೆ. ಬೈಯುತ್ತಲೇ, ಮರುದಿನ ಮೊಣಕಾಲು ಹೇಗಿದೆ ಎಂದು ಹೇಳದಿದ್ದರೆ ಚಹಾ ಒಳಗೆ ಇಳಿಯುತ್ತಿರಲಿಲ್ಲ.

ಹೋದ ದೀಪಾವಳಿಯ ಮರುವಾರದಿಂದ ಅವನ ದನಿ ಸಣ್ಣದಾಯಿತು. ಮೊದಲು ಕೊಂಚ ಒರಟು, ಆಮೇಲೆ ಕೊಂಚ ದೂರ, ಆಮೇಲೆ ಗೋಣಿಚೀಲದೊಳಗಿನಿಂದ ಮಾತಾಡಿದ ಹಾಗೆ. ಪೆಟ್ಟಿಗೆ ಕೆಟ್ಟಿತೆಂದು ತಿಳಿದೆ. ಬಿಚ್ಚಿದೆ. ಎರಡು ಕೆಪ್ಯಾಸಿಟರ್ ಬದಲಿಸಿದೆ, ಸ್ಪೀಕರ್ ಬದಲಿಸಿದೆ, ಏರಿಯಲ್ಲಿನ ಕೇಬಲ್ ಹೊಸದು ಎಳೆದೆ. ಮೂರು ವಾರ ಇದರಲ್ಲೇ ಹೋಯಿತು. ಮುಜಾಫರನ ದನಿ ಗಂಟೆಯ ಹಾಗಿದೆ, ಉಳಿದವರ ದನಿ ಇದ್ದ ಹಾಗೇ ಇದೆ, ಕಲ್ಲೇಶನದು ಮಾತ್ರ ಸಣ್ಣ. ಆದರೆ ಸೂಜಿ ಮೊದಲಿನ ಹಾಗೆ ಕೆಂಪು ಗೆರೆ ಮುಟ್ಟುತ್ತದೆ. ಅಲ್ಲಿಗೆ ನನಗೆ ಗೊತ್ತಾಯಿತು. ಸೂಜಿ ಪೂರ್ತಿ ಎದ್ದು ದನಿ ಸಣ್ಣಗಿದ್ದರೆ ಕಳಿಸುವವನ ಮೈಕು ಸತ್ತಿದೆ ಎಂದರ್ಥ. ನಲವತ್ತು ವರ್ಷದ ಕಸುಬು, ಇದರಲ್ಲಿ ನಾನು ತಪ್ಪುವುದಿಲ್ಲ.

ದಾಕ್ಷಾಯಿಣಿ ರೊಟ್ಟಿ ಬಡಿಯುತ್ತಿದ್ದವಳು ಒಂದು ಮುಂಜಾನೆ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಕಲ್ಲೇಶನ ಪಾಳಿ ಮುಗಿಯುವ ತನಕ ಕೇಳಿದಳು.

"ಏನ್ರಿ, ಅವರ ದನೀನಽ ಹ್ವಾದಂಗ ಐತಲ್ಲ. ಆರಾಮ ಇಲ್ಲೇನೋ. ಒಮ್ಮೆ ಹೋಗಿ ನೋಡಿ ಬರ್ರಿ."

"ರೇಡಿಯೋ ವಿಷಯ ನಿನಗೇನ ತಿಳೀತೈತಿ? ಸೂಜಿ ನೋಡ. ಮೈಕ್ ಕೆಟ್ಟೈತಿ."

"ಸೂಜೀಗೆ ಏನ ಗೊತ್ತಿರತೈತ್ರಿ ಮನಶ್ಯಾಂದು" ಎಂದಳು.

"ರೊಟ್ಟಿ ಹೊತ್ತಾಕತ್ತಾವು, ಹೋಗ" ಎಂದೆ ನಾನು.

ಅವಳು ಸರಿಯಾಗಿ ಹೇಳಿದ್ದಳು. ನಾನು ರೊಟ್ಟಿಯ ಕಡೆ ಕಳಿಸಿದೆ.

ಖರೆ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಲೈಸೆನ್ಸ್ ಇದ್ದ ದೊಡ್ಡ ಮನುಷ್ಯ, ತನ್ನ ಮೈಕು ಸತ್ತದ್ದು ತನಗೇ ಗೊತ್ತಿಲ್ಲ. ಫೇಲಾದ ಅಣ್ಣನಿಗೆ ಗೊತ್ತು. ಹಾಗೆಂದು ಅದನ್ನು ಹೇಳಲು ಹೋಗುವ ಮನುಷ್ಯ ನಾನಲ್ಲ. ಒಂದು ಹಳೆಯ ಗಟ್ಟಿ ಮೈಕು ಹುಡುಕಿದೆ, ಒಳಗಿನದ್ದೆಲ್ಲ ತೆಗೆದು ಹೊಸದು ಕೂಡಿಸಿದೆ, ಮೇಲಿನ ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದೆ. ಅವನ ಕೈ ಸಣ್ಣದು, ಅದಕ್ಕೆಂದು ಗುಂಡಿಯನ್ನು ಕೊಂಚ ಕೆಳಗೆ ಇಟ್ಟೆ. ಹನ್ನೊಂದು ವರ್ಷದಲ್ಲಿ ನಾನು ಅಷ್ಟು ಪ್ರೀತಿಯಿಂದ ಮಾಡಿದ ಕೆಲಸ ಅದೊಂದೇ. ಮುಜಾಫರ ಅಂಗಡಿಗೆ ಬಂದಾಗ ಅವನ ಕೈಗೆ ಕೊಟ್ಟು, "ಕಲ್ಲೇಶಗ ಕೊಡ. ಯಾರ ಕೊಟ್ರು ಅಂತ ಹೇಳಬ್ಯಾಡ" ಎಂದೆ. ಮುಜಾಫರ ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದ, ನಾನು ಗುರ್ರೆಂದೆ, ಅವನು ಹೋದ.

ಸಂಕ್ರಮಣದ ಹಿಂದಿನ ದಿನ ಕಲ್ಲೇಶನ ಪಾಳಿ ಬಂತು. ಸಪ್ಪಳ ನಿಂತಿತು, ಸೂಜಿ ಎದ್ದಿತು.

"ಹೊಸಾ ಮೈಕ್ ಬಂದೈತ್ರಿ ನನಗ. ಭಾಳ ಛಲೋ ಐತಿ. ಮಾಡಿ ಕಳಿಸಿದವರಿಗೆ ಶರಣು ಶರಣಾರ್ಥಿ."

ದನಿ ಮೊದಲಿನಷ್ಟೇ ಸಣ್ಣ. ಇನ್ನೂ ಸಣ್ಣ. ನನಗೆ ಸಿಟ್ಟು ನೆತ್ತಿಗೇರಿತು. ಮೈಕನ್ನು ಬಾಯಿಯ ಹತ್ತಿರ ಹಿಡಿಯಲೂ ಇವನಿಗೆ ಬರುವುದಿಲ್ಲವೇ ಎಂದು ಕೂಗಾಡಿದೆ, ದನಿಯ ತಿರುಗಣಿಯನ್ನು ಕಡೆತನಕ ತಿರುಗಿಸಿ ಕೇಳಿದೆ. ಹೀಗೇ ಇನ್ನೊಂದು ತಿಂಗಳು ಕಳೆಯಿತು.

ಶಿವರಾತ್ರಿಯ ವಾರ ಮೂರು ದಿನ ಅವನು ಹಾಜರಿಗೆ ಬರಲಿಲ್ಲ. ನಾಲ್ಕನೆಯ ದಿನ ಮುಜಾಫರ ಎಲ್ಲರ ಹೆಸರು ಕರೆದು ಮುಗಿಸಿದ ಮೇಲೆ ಅಂದ, "ಒಂದ ವಿಷಯ ಹೇಳೂದೈತಿ. ನಮ್ಮ ಕಲ್ಲೇಶಪ್ಪಾರಿಗೆ ಗಂಟಲದಾಗ ಕ್ಯಾನ್ಸರ್ ಗಂಟಂತ. ಸತ್ತೂರ ದವಾಖಾನ್ಯಾಗ ಇಟ್ಟಾರ. ನಿನ್ನೆ ಆಪರೇಶನ್ ಆಗೈತಿ. ಎಲ್ಲಾರೂ ದುವಾ ಮಾಡ್ರಿ." ಕಡೆಗೆ, "ಬರೇ ಕೇಳವರೂ ಮಾಡ್ರಿ" ಎಂದ.

ನಾನು ಹಾಕಿಕೊಂಡ ಅಂಗಿಯಲ್ಲೇ ಬಸ್ಸು ಹತ್ತಿದೆ.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸುಕನ್ಯಾ ಕುಳಿತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ಸೆರಗು ಹೊದ್ದುಕೊಂಡಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಬರ್ರಿ ಭಾವಾರ. ಜೀವಕ್ಕ ಈಗ ಧೋಕಾ ಇಲ್ಲ ಅಂದಾರ. ದನಿ ಪೆಟ್ಟಿಗಿ ತಗದಾರ. ಇನ್ನ ಮಾತ ಬರಂಗಿಲ್ಲ."

ನಾನು ಬೆಂಚಿನ ಮೇಲೆ ಕುಳಿತೆ. ಲಗೂ ತೋರಿಸಬೇಕಿತ್ತಲ್ಲವ್ವಾ ಎಂದು ಕೇಳಿದೆ. ಯಾಕೆ ಕೇಳಿದೆನೋ.

"ದೀಪಾವಳಿ ಆದಾಗಿಂದ ಹೇಳಾಕತ್ತಿದ್ದೆ" ಎಂದಳು. "ಥಂಡಿ, ಥಂಡಿ ಅಂತ ದೂಡಿದ್ರು. ಅಂಜಿಕಿ ಇತ್ತರಿ ಅವರಿಗೆ. ನಾ ಹಟಾ ಹಿಡದ ಮ್ಯಾಲೆ ಸಂಕ್ರಮಣದ ಮುಂದ ಡಾಕ್ಟರ ಕಡೆ ಹೋಗೂದು ಅಂತ ಪಕ್ಕಾ ಆಗಿತ್ತು. ಅದಽ ವಾರದಾಗ ಮುಜಾಫರ ಆ ಮೈಕ್ ತಂದ ಕೊಟ್ರು. ಹೆಸರ ಹೇಳಲಿಲ್ಲ ಅವರು. ಇವರು ಬಿಚ್ಚಿ ಒಳಗ ನೋಡಿ, ಈ ಬೆಸುಗಿ ನಮ್ಮ ಅಣ್ಣಂದು ಅಂದ್ರು. ಅದನ್ನ ಹಿಡಕೊಂಡ ಅತ್ತರ್ರಿ. ಆಮ್ಯಾಲೆ ನಗಾಕತ್ತರು. 'ನೋಡ ಸುಕನ್ಯಾ, ನನ್ನ ಗಂಟಲಕ್ಕ ಏನೂ ಆಗಿಲ್ಲ. ಅಣ್ಣಾ ದಿನಾ ಕೇಳತಾನ, ಕೇಳೇ ಮೈಕ್ ಕೆಟ್ಟೈತಿ ಅಂತ ಕಳಿಸ್ಯಾನ. ಅಂವಾ ಇದರಾಗ ತಪ್ಪಂಗಿಲ್ಲ' ಅಂದ್ರು. ದವಾಖಾನಿಗೆ ಹೋಗೂದ ಬಿಟ್ಟ ಬಿಟ್ರು."

ಅವಳು ಇದನ್ನು ನನ್ನ ಮೇಲೆ ಹೊರಿಸಲು ಹೇಳಲಿಲ್ಲ. ಅಣ್ಣ ತಮ್ಮ ಕೂಡಿದ ಸಂತೋಷದ ಸುದ್ದಿಯೆಂದೇ ಹೇಳಿದಳು. ಇನ್ನೂ ಒಂದು ಮಾತು ಹೇಳಿದಳು. ಸಂಕ್ರಮಣದ ಹೊತ್ತಿಗೇ ಬಂದಿದ್ದರೆ ಬರೀ ಗಂಟಿನಷ್ಟೇ ತೆಗೆದು ದನಿ ಉಳಿಸಬಹುದಿತ್ತೇನೋ ಎಂದು ಡಾಕ್ಟರರು ಅಂದಿದ್ದರಂತೆ.

ನಾನು ದಿನಾ ಕೇಳುತ್ತಿದ್ದದ್ದು ಅವನಿಗೆ ಹೇಗೆ ಗೊತ್ತು ಎಂದು ಕೇಳಿದೆ. ಸುಕನ್ಯಾ ಆಶ್ಚರ್ಯದಿಂದ ನೋಡಿದಳು. ಹತ್ತು ವರ್ಷದ ಹಿಂದೆಯೇ ಮುಜಾಫರ ಒಂದು ಮುಂಜಾನೆ ಆಂಪ್ಲಿಫೈಯರ್ ರಿಪೇರಿಗೆ ತಂದವನು, ನಮ್ಮ ಮಾಳಿಗೆಯಿಂದ ಕಲ್ಲೇಶನ ದನಿ ಬರುತ್ತಿದ್ದದ್ದನ್ನು ಕೇಳಿ ಹೋಗಿ ಹೇಳಿದ್ದನಂತೆ. ಶೀಗಿ ಹುಣ್ಣಿಮೆಯ ಹೋಳಿಗೆ, ಊರಿನ ಜೋಳ, ಮೊಣಕಾಲು, ಎಲ್ಲ ನನಗೇ ಹೇಳುತ್ತಿದ್ದದ್ದು. ಹತ್ತು ವರ್ಷ ಅವನು ನನ್ನ ಜೊತೆ ದಿನಾ ಮಾತಾಡಿದ್ದ. ಮಾತು ಬಿಟ್ಟವನು ನಾನೊಬ್ಬನೇ.

ಒಳಗೆ ಹೋದೆ. ಕಲ್ಲೇಶನ ಕೊರಳಿನಲ್ಲಿ ಒಂದು ತೂತು, ಅದಕ್ಕೊಂದು ನಳಿಕೆ. ಅವನ ಉಸಿರು ಸ್ಸ್ ಎಂದು ಅದರಲ್ಲಿ ಆಡುತ್ತಿತ್ತು. ನನ್ನನ್ನು ನೋಡಿ ಎದ್ದು ಕೂಡಲು ಹೋದ, ನಾನು ಭುಜ ಹಿಡಿದು ಮಲಗಿಸಿದೆ. ದಿಂಬಿನ ಪಕ್ಕದ ಪಾಟಿ ತೆಗೆದುಕೊಂಡು ಬರೆದ. ಬಳಪ ಕಿರ್ರೆಂದಿತು. ಬರೆದದ್ದನ್ನು ನನ್ನ ಕಡೆ ತಿರುಗಿಸಿದ.

'ಯಾರೋ ಅಲ್ಲ. ನಮ್ಮ ಅಣ್ಣಾ.'

ಹನ್ನೊಂದು ವರ್ಷದ ಹಿಂದೆ ಗಾಳಿಯಲ್ಲಿ ಹೇಳಿದ್ದನ್ನು ಅವನು ಪಾಟಿಯ ಮೇಲೆ ತಿದ್ದಿದ. ಈಗ ನಾನು ಹೇಳಬೇಕಾದದ್ದು ಒಂದೇ ಒಂದು ಮಾತು. ತಪ್ಪಾಯಿತೋ ತಮ್ಮಾ, ನಿನ್ನ ದನಿ ತೆಗೆದವನು ನಾನು, ನಿನ್ನ ವೈನಿ ದಾಕ್ಷಾಯಿಣಿ ಹೋಗಿ ನೋಡಿ ಬರ್ರಿ ಅಂದರೂ ಬರಲಿಲ್ಲ. ನನಗೆ ಬಾಯಿ ಇತ್ತು, ಗಂಟಲಿತ್ತು, ಹೇಳಬಹುದಿತ್ತು. ಹೇಳಿದ್ದೇನು ಗೊತ್ತೇ? "ಬಸ್ಸಿನ್ಯಾಗ ಭಾಳ ಗದ್ದಲ ಇತ್ತು" ಎಂದೆ. ಅವನು ತಲೆ ಆಡಿಸಿದ.

ಮನೆಗೆ ಬಂದ ಎರಡನೆಯ ವಾರ ಕಲ್ಲೇಶ ಮತ್ತೆ ಸೆಟ್ಟಿನ ಮುಂದೆ ಕುಳಿತನಂತೆ. ಆ ದಿನ ನಾನು ಇಲ್ಲಿ ನನ್ನ ಪೆಟ್ಟಿಗೆಯ ಮುಂದಿದ್ದೆ. ಮುಜಾಫರ ರೂಢಿಯ ಪ್ರಕಾರ ಹೆಸರುಗಳನ್ನು ಕರೆಯುತ್ತ ಹೋದ. ಅವನು ಕಲ್ಲೇಶನ ಹೆಸರನ್ನು ಪಟ್ಟಿಯಿಂದ ತೆಗೆದಿರಲಿಲ್ಲ.

"ಕಲ್ಲೇಶಪ್ಪಾರ, ಹಾಜರಿ ಕೊಡ್ರಿ."

ಒಗ್ಗರಣೆ ಸಪ್ಪಳ ನಿಂತಿತು. ಸೂಜಿ ಎದ್ದು ಕೆಂಪು ಗೆರೆ ಮುಟ್ಟಿತು. ಒಂದು ಮಾತಿಲ್ಲ. ಬರೀ ಮೌನ, ಮೊದಲು ಅವನು ಹವೆ, ಹೋಳಿಗೆ, ಮೊಣಕಾಲು ಹೇಳಲು ಹಿಡಿಯುತ್ತಿದ್ದಷ್ಟೇ ಹೊತ್ತು. ಗುಂಡಿ ಬಿಟ್ಟ, ಸೂಜಿ ಬಿತ್ತು, ಸಪ್ಪಳ ಮತ್ತೆ ಶುರುವಾಯಿತು.

"ಬಂತ್ರಿ ಕಲ್ಲೇಶಪ್ಪಾರ" ಎಂದ ಮುಜಾಫರ. "ನಿಮ್ಮ ಹಾಜರಿ ಹತ್ತೈತಿ."

ದಿನಾ ಹಾಗೇ ನಡೆಯಿತು. ನಾನು ಆ ಮೌನಕ್ಕಾಗಿ ಕಾಯುತ್ತಿದ್ದೆ. ಒಳ್ಳೆಯ ದಿನ ಉದ್ದ ಒತ್ತುತ್ತಿದ್ದ, ದಣಿದ ದಿನ ಗಿಡ್ಡ. ಒಂದೊಂದು ದಿನ ಗುಂಡಿ ಬಿಡುವ ಮೊದಲು ನಳಿಕೆಯ ಉಸಿರು ಸಣ್ಣಗೆ ಕೇಳುತ್ತಿತ್ತು. ನಾನು ಮಾಡಿದ ಮೈಕು ಅಷ್ಟು ಚುರುಕಾಗಿತ್ತು. ದಾಕ್ಷಾಯಿಣಿ ಏಳೂವರೆಗೆ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳು ಅಂದು ಹೇಳಿದ ಮಾತನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು.

ಪ್ರತಿ ರವಿವಾರ ಸಪ್ತಾಪುರಕ್ಕೆ ಹೋಗುತ್ತಿದ್ದೆ. ಪ್ರತಿ ರವಿವಾರ ಇವತ್ತು ಹೇಳುತ್ತೇನೆ ಎಂದೇ ಬಸ್ಸು ಹತ್ತುತ್ತಿದ್ದೆ. ಕಾರಹುಣ್ಣಿಮೆ ಆದ ಮೇಲೆ ಗಂಟು ಮತ್ತೆ ತಲೆ ಎತ್ತಿತು, ಇನ್ನು ಕೊಯ್ಯಲು ಬರುವುದಿಲ್ಲ ಎಂದರು. ಆ ರವಿವಾರ ನಾನು ಗಟ್ಟಿ ಮನಸ್ಸು ಮಾಡಿದೆ. ಮೈಕು ಅವನ ತೊಡೆಯ ಮೇಲಿತ್ತು. ಹಿತ್ತಾಳೆ ನಾನು ಬೆಳಗಿದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು, ದಿನಾ ಒರೆಸುತ್ತಿದ್ದ.

"ಕಲ್ಲೇಶಾ, ಆ ಮೈಕ್ ನಾ ಕಳಸಬಾರದಿತ್ತೋ" ಎಂದೆ.

ಅವನು ಕೈ ಎತ್ತಿ ತಡೆದ. ಪಾಟಿ ತೆಗೆದುಕೊಂಡ. ಬೆರಳಿನಲ್ಲಿ ಶಕ್ತಿ ಇರಲಿಲ್ಲ, ಅಕ್ಷರ ಡೊಂಕಾಗಿದ್ದವು.

'ಮೈಕ್ ಛಲೋ ಐತಿ.'

ಅದನ್ನು ಬರೆದು ನಕ್ಕ. ದನಿ ಇಲ್ಲದ ನಗು. ನಾನು ಮುಂದಿನದನ್ನು ಹೇಳಲು ಬಾಯಿ ತೆರೆದೆ, ಅವನು ಪಾಟಿಯನ್ನು ನನ್ನ ಮುಖದ ಹತ್ತಿರ ಹಿಡಿದ, ಓದು ಎನ್ನುವಂತೆ. ಓದಿದೆ. ತಲೆ ಆಡಿಸಿದೆ. ಆಮೇಲೆ ಅವನ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಮುಂದಿನ ರವಿವಾರ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ.

ಆ ರವಿವಾರ ಬರಲಿಲ್ಲ. ಗುರುವಾರ ಬೆಳಗ್ಗೆ ಆರಕ್ಕೆ ಸುಕನ್ಯಾಳ ಫೋನು ಬಂತು. ನಾನು ಹಲೋ ಎಂದೆ, ಅವಳು, "ಭಾವಾರ, ಹೋದರ್ರಿ" ಎಂದಳು. ಅಷ್ಟೇ.

ದಾಕ್ಷಾಯಿಣಿ ಅಳುತ್ತಲೇ ಮನೆಗೆ ಬೀಗ ಹುಡುಕಿದಳು, ವಿಭೂತಿ, ಬಿಲ್ವಪತ್ರಿ ಚೀಲಕ್ಕೆ ಹಾಕಿಕೊಂಡಳು. ಕೆಳಗೆ ಆಟೋ ಬಂದು ನಿಂತಿತು. ಗೋಡೆಯ ಗಡಿಯಾರ ಏಳೂ ಇಪ್ಪತ್ತೈದು ತೋರಿಸುತ್ತಿತ್ತು. ನನಗೆ ಏನಾಯಿತೋ, ಮೆಟ್ಟಿಲ ತನಕ ಹೋದವನು ಹಿಂದಿರುಗಿ ಬಂದು ಪೆಟ್ಟಿಗೆ ಹಚ್ಚಿ ಕುಳಿತೆ. ಅವಳು ಕರೆಯಲಿಲ್ಲ. ಬಂದು ಪಕ್ಕದಲ್ಲಿ ನಿಂತಳು.

ಮುಜಾಫರನಿಗೂ ಸುದ್ದಿ ಹೋಗಿತ್ತು. ಉಳಿದ ಯಾರ ಹೆಸರನ್ನೂ ಅವನು ಕರೆಯಲಿಲ್ಲ. ತೀರಿಕೊಂಡ ಹವ್ಯಾಸಿಯ ಹೆಸರನ್ನು ಕಡೆಯದಾಗಿ ಮೂರು ಸಲ ಕರೆದು ಪಟ್ಟಿಯಿಂದ ತೆಗೆಯುವುದು ಇವರಲ್ಲಿ ಪದ್ಧತಿ.

"ಕಲ್ಲೇಶಪ್ಪಾರ, ಹಾಜರಿ ಕೊಡ್ರಿ."

ಸ್ಸ್ ಎನ್ನುತ್ತಿತ್ತು ಪೆಟ್ಟಿಗೆ.

"ಕಲ್ಲೇಶಪ್ಪಾರ, ಹಾಜರಿ ಕೊಡ್ರಿ."

ಸೂಜಿ ತಳದಲ್ಲೇ ಬಿದ್ದಿತ್ತು. ನಾನು ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದೆ, ಸಿಕ್ಕಿಹಾಕಿಕೊಂಡಿದ್ದರೆ ಬಿಡಲಿ ಎಂದು. ನಲವತ್ತು ವರ್ಷದ ಕಸುಬಿನವನು, ಯಂತ್ರ ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡೆ.

ಮೂರನೆಯ ಸಲ ಕರೆಯುವಾಗ ಮುಜಾಫರನಿಗೆ ಹೆಸರು ಪೂರ್ತಿ ಹೇಳಲಾಗಲಿಲ್ಲ. ಅವನ ಗುಂಡಿ ಬಿಟ್ಟುಹೋಯಿತು. ಸಪ್ಪಳ ತುಂಬಿಕೊಂಡಿತು.

ಆಗ ನಾನು ಆ ಪೆಟ್ಟಿಗೆಯ ಸ್ಪೀಕರಿಗೆ ಬಾಯಿ ಹಚ್ಚಿದೆ. "ಕಲ್ಲೇಶಾ, ತಪ್ಪಾತೋ. ನಿನ್ನ ವೈನಿ ಹೇಳಿದ್ಲು, ಹೋಗಿ ನೋಡಿ ಬರ್ರಿ ಅಂತ. ನಾ ಬರಲಿಲ್ಲ. ನಾ ಸೂಜಿ ನೋಡಿದೆ, ನಿನ್ನ ನೋಡಲಿಲ್ಲೋ" ಎಂದೆ. ದೊಡ್ಡ ದನಿಯಲ್ಲಿ ಹೇಳಿದೆ. ಎಲ್ಲವನ್ನೂ ಕೇಳುವ ಯಂತ್ರ ಅದು, ಒಂದಕ್ಷರವನ್ನೂ ಆಚೆ ಕಳಿಸಲಿಲ್ಲ.

ಕೆಳಗೆ ಆಟೋದವನು ಹಾರ್ನ್ ಹೊಡೆದ. ದಾಕ್ಷಾಯಿಣಿ ಕಣ್ಣು ಒರೆಸಿಕೊಂಡು, ಸಪ್ಪಳ ಮುಚ್ಚಲು ತಿರುಗಣಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ.

"ಇರ್ಲಿ ಬಿಡ" ಎಂದೆ. "ಇನ್ನೂ ಅವನ ಪಾಳಿ ಐತಿ."